ಗರ್ಭಿಣಿ ಓಡಬಹುದಾ? ಎಷ್ಟು ಜೋರಾಗಿ, ಎಲ್ಲಿಯವರೆಗೆ?

ಬಸುರಿ ಅಂತ ಗೊತ್ತಾದ ಕೂಡಲೇ ಮನೆಯವರ ಮೊದಲ ಮಾತು ‘ಇನ್ನು ಜಿಮ್ಮು ಗಿಮ್ಮು ಬೇಡ’. ಡಾಕ್ಟರುಗಳೂ ಒಂದು ಕಾಲದಲ್ಲಿ ಹೀಗೇ ಹೆದರುತ್ತಿದ್ದರು. ಗರ್ಭಿಣಿಯ ಎದೆಬಡಿತ ನಿಮಿಷಕ್ಕೆ 140 ದಾಟಬಾರದು ಎಂದು ಅಮೆರಿಕದ ಪ್ರಸೂತಿ ತಜ್ಞರ ಸಂಘ 1985ರಲ್ಲಿ ಹೇಳಿತ್ತು. 1994ರಲ್ಲಿ ಆ ಮಿತಿಯನ್ನು ಅದೇ ಸಂಘ ಕೈಬಿಟ್ಟಿತು. ತೊಂದರೆ ಇಲ್ಲದ ಗರ್ಭಿಣಿಯರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ ಮಾಡಲಿ, ಮೊದಲಿಂದ ಜೋರಾಗಿ ಮಾಡುತ್ತಿದ್ದವರು ಮುಂದುವರಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ಕೊಟ್ಟಿತು. ಇಷ್ಟಾದ ಮೇಲೂ ಆರೋಗ್ಯವಾಗಿರುವ ಹೆಣ್ಣುಮಕ್ಕಳನ್ನು ಒಂಬತ್ತು ತಿಂಗಳು ಸುಮ್ನೆ ಕೂರಿಸುವುದು ನನಗಂತೂ ಸರಿ ಕಾಣುವುದಿಲ್ಲ.

1. ಶೂ ಕಟ್ಟುವ ಮುಂಚೆ ಡಾಕ್ಟರನ್ನು ಕಾಣಿ

ಮಾಸು ಗರ್ಭಚೀಲದ ಬಾಯಿಗೆ ಅಡ್ಡ ಇದೆಯಾ, ಗರ್ಭಕಂಠಕ್ಕೆ ಹೊಲಿಗೆ ಹಾಕಿದ್ದಾರಾ, ಬಿ.ಪಿ. ಏರಿದೆಯಾ, ಅವಳಿ ಮಕ್ಕಳಾ, ಹೃದಯದ ತೊಂದರೆ ಇದೆಯಾ ಎಂದು ಕೇಳಿ ತಿಳಿದುಕೊಳ್ಳಿ. ಇದರಲ್ಲಿ ಯಾವುದಿದ್ದರೂ ಡಾಕ್ಟರು ಒಪ್ಪದೆ ಜೋರಾದ ವ್ಯಾಯಾಮ ಬೇಡ.

ನಮ್ಮಲ್ಲಿ ಇನ್ನೊಂದನ್ನು ಮರೆಯಲೇಬಾರದು. ಅದು ಹಿಮೋಗ್ಲೋಬಿನ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ಒಂದು ಡೆಸಿಲೀಟರ್ ರಕ್ತಕ್ಕೆ 7 ಗ್ರಾಂಗಿಂತ ಕಡಿಮೆ ಇದ್ದರೆ ಅದು ತೀವ್ರ ರಕ್ತಹೀನತೆ. ಆಗ ಓಟದ ಮಾತೇ ಬೇಡ, ಮೊದಲು ಚಿಕಿತ್ಸೆ ಆಗಲಿ.

2. ನಿಮ್ಮ ಹಳೇ ಅಭ್ಯಾಸ ನೋಡಿಕೊಳ್ಳಿ

2017ರ ಜನವರಿಯಲ್ಲಿ ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ ಆಸ್ಟ್ರೇಲಿಯನ್ ಓಪನ್ ಗೆದ್ದಾಗ ಅವರು ಸುಮಾರು ಎರಡು ತಿಂಗಳ ಗರ್ಭಿಣಿ. ಅವರ ಹಿಂದೆ ಎಷ್ಟೋ ವರ್ಷಗಳ ತಾಲೀಮು ಇತ್ತು. ನೀವು ಇದುವರೆಗೆ ಓಡಿಯೇ ಇಲ್ಲ ಎಂದಾದರೆ ಬೇಗಬೇಗ ನಡೆಯುವುದರಿಂದ ಶುರು ಮಾಡಿ. ಮೊದಲು ದಿನಕ್ಕೆ 10 ನಿಮಿಷ ಸಾಕು, ಆಮೇಲೆ ನಿಧಾನಕ್ಕೆ ಅರ್ಧ ಗಂಟೆಗೆ ಏರಿಸಿ.

3. ಮಾತಾಡಿಕೊಂಡೇ ಮಾಡಿ

ಓಡುತ್ತಾ ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಆಡಿ ನೋಡಿ. ಆಡಲು ಆದರೆ ವೇಗ ಸರಿ ಇದೆ. ಎರಡು ಪದಕ್ಕೇ ಉಸಿರು ಸಿಕ್ಕಿಕೊಂಡರೆ ನಿಧಾನ ಮಾಡಿ. ಗರ್ಭಿಣಿಯ ಎದೆಬಡಿತ ಕೂತಲ್ಲೇ ಜಾಸ್ತಿ ಇರುತ್ತದೆ. ಹಾಗಾಗಿ ವಾಚಿನ ಅಂಕಿಗಿಂತ ಈ ಪರೀಕ್ಷೆಯೇ ವಾಸಿ.

ಓಟದ ಜೋರಿಗೆ ಒಂದು ಮಿತಿ ಯಾಕೆ ಬೇಕು ಅನ್ನುವುದಕ್ಕೆ ನಾರ್ವೆಯ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಬೇಕು. ಅವರು ಒಲಿಂಪಿಕ್ ಮಟ್ಟದ ಆರು ಗರ್ಭಿಣಿ ಕ್ರೀಡಾಪಟುಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಮಗುವಿನ ಎದೆಬಡಿತ ಅಳೆದರು. ತಾಯಿಯ ಎದೆಬಡಿತ ಅವರ ಗರಿಷ್ಠದ ಶೇ 90 ದಾಟಿದಾಗ ಗರ್ಭಚೀಲಕ್ಕೆ ಹೋಗುವ ರಕ್ತ ತುಂಬಾ ಇಳಿದು, ಮಗುವಿನ ಎದೆಬಡಿತ ನಿಧಾನವಾಗುವುದು ಕಂಡಿತು. ಓಟ ನಿಲ್ಲಿಸಿದ ಮೇಲೆ ಬೇಗ ಮೊದಲಿನ ಹಾಗಾಯಿತು. ಆರೇ ಜನರ ಅಧ್ಯಯನ ನಿಜ. ಆದರೂ ಏದುಸಿರು ಬಿಡುವಷ್ಟು ಜೋರಾಗಿ ಓಡುವ ಸ್ಪ್ರಿಂಟ್‌ಗಳನ್ನು ಹೆರಿಗೆ ಆಗುವ ತನಕ ಬಿಡಿ ಅಂತಲೇ ನಾನು ಹೇಳುವುದು.

4. ತಿಂಗಳು ಏರಿದಂತೆ ಬದಲಾಯಿಸಿ

ಮೂರು ತಿಂಗಳು ಕಳೆದ ಮೇಲೆ ಅಂಗಾತ ಮಲಗಿ ಮಾಡುವ ವ್ಯಾಯಾಮ ಕಡಿಮೆ ಮಾಡಿ. ಆ ಭಂಗಿಯಲ್ಲಿ ಗರ್ಭಚೀಲ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತಬಹುದು. ತೂಕ ಎತ್ತುವಾಗ ಉಸಿರು ಬಿಗಿ ಹಿಡಿಯಬೇಡಿ. ಸ್ಕ್ವಾಟ್‌ನಲ್ಲಿ, ಅಂದರೆ ಬಸ್ಕಿಯಲ್ಲಿ, ಕೆಳಗೆ ಇಳಿಯುವಾಗ ಉಸಿರು ಒಳಗೆ, ಏಳುವಾಗ ಹೊರಗೆ. ಹೊಟ್ಟೆ ಮುಂದೆ ಬಂದಂತೆ ದೇಹದ ಸಮತೋಲ ತಪ್ಪುತ್ತದೆ, ಕೀಲುಗಳೂ ಸಡಿಲವಾಗುತ್ತವೆ. ಕಬಡ್ಡಿ, ಕುದುರೆ ಸವಾರಿಯಂಥ ಬೀಳುವ ಭಯವಿರುವ ಆಟ ಬೇಡ. ಸ್ಕೂಬಾ ಡೈವಿಂಗ್ ಅಂತೂ ಬೇಡವೇ ಬೇಡ. ಈಜು ಒಳ್ಳೆಯದು, ಮೈಭಾರವೇ ಗೊತ್ತಾಗುವುದಿಲ್ಲ.

ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮೊದಲ ತಿಂಗಳುಗಳಲ್ಲಿ ಮೈ ತೀರಾ ಬಿಸಿಯಾಗುವುದು ಮಗುವಿಗೆ ಒಳ್ಳೆಯದಲ್ಲ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಸೂರ್ಯ ಮೇಲೇರುವ ಮುಂಚೆಯೇ ನಡಿಗೆ ಮುಗಿಸಿ. ನೀರಿನ ಬಾಟಲಿ ಕೈಯಲ್ಲೇ ಇರಲಿ. ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ, ಒಂದು ಬಾಳೆಹಣ್ಣಾದರೂ ತಿನ್ನಿ.

5. ಇದು ಕಂಡರೆ ಅಲ್ಲೇ ನಿಲ್ಲಿಸಿ

ರಕ್ತ ಕಾಣಿಸುವುದು, ನೀರು ಸೋರುವುದು, ಬಿಟ್ಟು ಬಿಟ್ಟು ಹೊಟ್ಟೆ ಬಿಗಿಯುವುದು, ಎದೆನೋವು, ತಲೆಸುತ್ತು, ವಿಪರೀತ ತಲೆನೋವು, ವ್ಯಾಯಾಮ ಶುರು ಮಾಡುವ ಮೊದಲೇ ಏದುಸಿರು, ಒಂದೇ ಕಾಲಿನ ಮೀನಖಂಡದಲ್ಲಿ ನೋವು ಅಥವಾ ಊತ. ಇವುಗಳಲ್ಲಿ ಒಂದು ಕಂಡರೂ ವ್ಯಾಯಾಮ ಬಿಟ್ಟು ಡಾಕ್ಟರಿಗೆ ಫೋನ್ ಮಾಡಿ. ರಕ್ತ ಅಥವಾ ನೀರು ಹೋಗುತ್ತಿದ್ದರೆ, ಮಗುವಿನ ಓಡಾಟ ಕಡಿಮೆ ಅನ್ನಿಸಿದರೆ, ನೇರ ಆಸ್ಪತ್ರೆಗೆ ಹೋಗಿ. ರಾತ್ರಿಯಾಗಿದ್ದರೂ ಬೆಳಗಾಗಲಿ ಅಂತ ಕಾಯಬೇಡಿ.