ಯಾವ ಪೈಥಾನ್‌ವರೆಗೆ ಬೆಂಬಲ? ಬಟವಾಡೆ ತಂತ್ರಾಂಶದಲ್ಲಿ ನನ್ನ ಅನುಭವ

ಕಾಫಿ ತೋಟಗಳ ಕುಯ್ಲಿನ ತೂಕ, ವಾರದ ಬಟವಾಡೆ ಮತ್ತು ಮಳೆಯ ಲೆಕ್ಕವಿಡುವ ನಮ್ಮ ಮುಕ್ತ ತಂತ್ರಾಂಶ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಆ ಭಾಷೆಯ 3.8 ಆವೃತ್ತಿಯ ಬೆಂಬಲವನ್ನು, ಅಂದರೆ ಅದರಲ್ಲೂ ನಮ್ಮ ತಂತ್ರಾಂಶ ನಡೆಯುವಂತೆ ನೋಡಿಕೊಳ್ಳುವುದನ್ನು, 2025ರ ಮೇ ತಿಂಗಳಲ್ಲಿ ತೆಗೆದೆವು. ಆಮೇಲೆ ಗೋಣಿಕೊಪ್ಪದಿಂದ ಸೋಮವಾರಪೇಟೆಯವರೆಗೆ ಒಂದು ತೋಟದ ಬಟವಾಡೆಯೂ ನಿಂತಿಲ್ಲ. ಪೈಥಾನ್ ತಂಡ ಆ ಆವೃತ್ತಿಯನ್ನು 2024ರ ಅಕ್ಟೋಬರ್‌ನಲ್ಲೇ ಕೈಬಿಟ್ಟಿತ್ತು. ಹಾಗಿದ್ದೂ ನಾವು ಬೇಸಿಗೆಯವರೆಗೆ ಕಾದದ್ದು ಬೆಂಗಳೂರಿನ ಜೊತೆಗಾರರಿಗೆ ಹಿಡಿಸಿರಲಿಲ್ಲ. ಇಂದು ಅವರೇ ನಮ್ಮ ಪದ್ಧತಿಯನ್ನು ಕೇಳಿ ತಿಳಿದುಕೊಳ್ಳುತ್ತಿದ್ದಾರೆ.

ಯಾರು ಯಾವ ಆವೃತ್ತಿ ಬಳಸುತ್ತಿದ್ದಾರೆಂದು ತಿಳಿಯಲು ಮೊದಲು ನಂಬಿದ್ದು ಡೌನ್‌ಲೋಡ್ ಅಂಕಿಗಳನ್ನು. ಅವುಗಳಲ್ಲಿ ದೊಡ್ಡ ಪಾಲು ಪರೀಕ್ಷಾ ಸರ್ವರ್‌ಗಳದ್ದು ಮತ್ತು ನಕಲು ಇಟ್ಟುಕೊಳ್ಳುವ ಮಿರರ್‌ಗಳದ್ದು. ಒಮ್ಮೆ ಇನ್‌ಸ್ಟಾಲ್ ಮಾಡಿಸಿಕೊಂಡು ಮತ್ತೆ ಅದರ ತಂಟೆಗೆ ಹೋಗದ ಸಿದ್ದಾಪುರದ ತೋಟದ ರೈಟರ್ (ಲೆಕ್ಕ ಬರೆಯುವವರು) ಅಲ್ಲಿ ಕಾಣುವುದೇ ಇಲ್ಲ. 2023ರಲ್ಲಿ ಬಂದ 3.12ರಿಂದ, ತಂತ್ರಾಂಶವನ್ನು ಕಟ್ಟಿ ಹಂಚಲು ನೆರವಾಗುವ ಡಿಸ್ಟ್‌ಯುಟಿಲ್ಸ್ ತೆಗೆದುಹಾಕಿದಾಗ, ಅದೂ ಅದರ ಮೇಲಿನ ಆವೃತ್ತಿಗಳೂ ಬೇಡವೆಂದು ಮೇಲ್ಮಿತಿ ಹಾಕಿ ನೋಡಿದೆವು. ಪೈಥಾನ್ ತಂತ್ರಾಂಶಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್ ಸುಮ್ಮನಾಗಲಿಲ್ಲ, ಮೇಲ್ಮಿತಿಯಿಲ್ಲದ ನಮ್ಮ ಹಳೆಯ ಬಿಡುಗಡೆಯೊಂದನ್ನು ಹುಡುಕಿ ಇನ್‌ಸ್ಟಾಲ್ ಮಾಡಿತು. ಅಂದಿನಿಂದ ಕೆಳಮಿತಿ ಮಾತ್ರ. ಎಲ್ಲ ಆವೃತ್ತಿಗಳನ್ನೂ ಮೂರು ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಪರೀಕ್ಷಿಸುವ ಹಟವೂ ಬಾಳಲಿಲ್ಲ. ಸರ್ವರ್ ಸಮಯ ನಮ್ಮಂಥವರಿಗೆ ಉಚಿತವೇ, ಆದರೆ ತೂಕದ ಯಂತ್ರದ ಕೇಬಲ್ ಪರೀಕ್ಷಿಸಲು ನಿಜವಾದ ಕಂಪ್ಯೂಟರ್ ಬೇಕು; ಹಳೆಯ ವಿಂಡೋಸ್ 7 ಯಂತ್ರಗಳಿಗೆಂದೇ ಸುಮಾರು 18,000 ರೂಪಾಯಿ ಹೋಯಿತು.

ಕೊನೆಗೆ ಕೆಲಸಕ್ಕೆ ಬಂದದ್ದು ಬಟವಾಡೆ ಚೀಟಿ. ಮುದ್ರಿತ ಹಾಳೆಯ ಅಡಿಯಲ್ಲಿ ಪೈಥಾನ್ ಮತ್ತು ಆಪರೇಟಿಂಗ್ ಸಿಸ್ಟಮ್‌ನ ಆವೃತ್ತಿಗಳು ಸಣ್ಣ ಅಕ್ಷರದಲ್ಲಿ ಬರುವಂತೆ ಮಾಡಿದೆ. ರೈಟರ್‌ಗಳು ಯಾವ ಅನುಮಾನಕ್ಕೂ ಆ ಹಾಳೆಯ ಫೋಟೋವನ್ನೇ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದರಿಂದ, ಯಾರ ಯಂತ್ರದಿಂದಲೂ ಗುಟ್ಟಾಗಿ ಮಾಹಿತಿ ತರಿಸಿಕೊಳ್ಳದೆ, ಎರಡು ಕುಯ್ಲು ಮುಗಿಯುವಷ್ಟರಲ್ಲಿ ನಲವತ್ತರಷ್ಟು ತೋಟಗಳ ಪಟ್ಟಿ ಕೈಯಲ್ಲಿತ್ತು. 3.8 ಉಳಿದಿದ್ದದ್ದು ಹತ್ತರಷ್ಟು ಕಡೆ, ಎಲ್ಲವೂ ವಿಂಡೋಸ್ 7. ಆ ವಿಂಡೋಸ್‌ನಲ್ಲಿ 3.9 ನಡೆಯುವುದಿಲ್ಲವಾದ್ದರಿಂದ ಪೈಥಾನ್ ಬದಲಿಸಿ ಎಂದು ಅವರಿಗೆ ಹೇಳುವುದೆಂದರೆ ಕಂಪ್ಯೂಟರ್ ಬದಲಿಸಿ ಎಂದಂತೆ. ಈ ಪಟ್ಟಿ ನೋಡಿ ಯಾವ ತೋಟ ಆ ವರ್ಷವೇ ಯಂತ್ರ ಬದಲಿಸುತ್ತದೆಂದು ನಾನು ಗುರುತಿಸುವ ಬಗೆ ಒಂದಿದೆ, ಅದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ದಿನಾಂಕವನ್ನು ಮಾತ್ರ ತೋಟದ ಪಂಚಾಂಗ ನೋಡಿಯೇ ಇಡಬೇಕು. ಪೈಥಾನ್‌ನ ಹಳೆಯ ಆವೃತ್ತಿಯ ಬೆಂಬಲ ಅಕ್ಟೋಬರ್‌ನಲ್ಲಿ ಮುಗಿಯುತ್ತದೆ. ನವೆಂಬರ್‌ನಿಂದ ಅರೇಬಿಕಾ, ಜನವರಿಯಿಂದ ರೋಬಸ್ಟಾ, ಅದರ ಬೆನ್ನಿಗೇ ಮೆಣಸು. ಕಿಲೋ ಲೆಕ್ಕದಲ್ಲಿ ಕೂಲಿ ಎಣಿಸುವ ಆ ತಿಂಗಳುಗಳಲ್ಲಿ "ಈಗ ಕಂಪ್ಯೂಟರ್ ಮುಟ್ಟಬೇಡಿ ಸಾರ್" ಎನ್ನುವ ರೈಟರ್‌ನ ಮಾತೇ ಸರಿ. ಜೂನ್ ಹಿಡಿದರೆ ಮಳೆ, ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಉಳಿಯುವುದು ಏಪ್ರಿಲ್ ಕೊನೆ ಮತ್ತು ಮೇ. ಹೊಸ ಬಿಡುಗಡೆಯಲ್ಲಿ ಪೈಥಾನಿನ ಕೆಳಮಿತಿ ಹೇಳುವ ರಿಕ್ವೈರ್ಸ್-ಪೈಥಾನ್ ಸಾಲನ್ನು 3.9ಕ್ಕೆ ಏರಿಸಿದೊಡನೆ ಹಳೆಯ ಯಂತ್ರದ ಪಿಪ್ ತಾನಾಗಿ ನಮ್ಮ ಹಿಂದಿನ ಬಿಡುಗಡೆಯಲ್ಲೇ ನಿಲ್ಲುತ್ತದೆ. ಆ ಹಳೆಯ ಬಿಡುಗಡೆಯಲ್ಲಿ ಕೂಲಿ ಮತ್ತು ತೂಕದ ದೋಷ ಬಿಟ್ಟು ಬೇರೇನನ್ನೂ ತಿದ್ದುವುದಿಲ್ಲ. ಪರೀಕ್ಷೆಯಲ್ಲಿ ಅತಿ ಹಳೆಯ ಮತ್ತು ಅತಿ ಹೊಸ ಆವೃತ್ತಿಗಳು ಮೂರೂ ಸಿಸ್ಟಮ್‌ಗಳಲ್ಲಿ, ನಡುವಿನವು ಲಿನಕ್ಸ್‌ನಲ್ಲಿ ಮಾತ್ರ. ಐದು ಆವೃತ್ತಿಗಳಿಗೆ ಹದಿನೈದರ ಬದಲು ಒಂಬತ್ತು ಓಟ ಸಾಕು.

ಪೈಥಾನನ್ನೇ ಒಳಗಿಟ್ಟು ಒಂದೇ ಫೈಲ್ ಕೊಡುವ ಪ್ರಯೋಗವನ್ನೂ ಮಾಡಿದೆ. ಆ್ಯಂಟಿವೈರಸ್ ಅದನ್ನು ವೈರಸ್ ಎಂದೇ ಅಳಿಸಿತು, ಭಾಗಮಂಡಲದ ಕಡೆ 30 ಎಂಬಿ ಇಳಿಸುವುದೂ ಕಷ್ಟವಾಯಿತು. 

3.9ರ ಬೆಂಬಲ ತೆಗೆಯಲು ಇಟ್ಟ ತಿಂಗಳು 2026ರ ಮೇ. 3.10ಕ್ಕೆ ಪೈಥಾನ್ ತಂಡದ ಬೆಂಬಲ 2026ರ ಅಕ್ಟೋಬರ್‌ವರೆಗೆ, ಅದನ್ನು ಹೊತ್ತ ಲಿನಕ್ಸ್ ಬಗೆಯಾದ ಉಬುಂಟು 22.04ರ ಸಾಮಾನ್ಯ ಬೆಂಬಲ 2027ರವರೆಗೆ. 3.10ರ ಸರದಿ 2027ರ ಮೇ.