ತೋಟದ ಮಳೆ ಲೆಕ್ಕ ವೆಬ್ ಸರ್ವಿಸ್ ಆಗಿದ್ದು

ಸಕಲೇಶಪುರದ ಕಡೆ ಕಾಫಿ ಬೆಳೆಗಾರರು ಮಳೆ ಲೆಕ್ಕ ಬರೆದಿಡುವುದು ಹಳೆಯ ರೂಢಿ. ಬೇಸಿಗೆಯ ಹೂಮಳೆ ಹೊತ್ತಿಗೆ ಸರಿಯಾಗಿ ಬಂದರೇನೇ ಫಸಲು. ಆದರೆ ಗುಡ್ಡದ ಈಚೆ ಒಂದು ಇಂಚು ಬಿದ್ದಾಗ ಆಚೆ ಹನಿಯೂ ಇರುವುದಿಲ್ಲ. ಅದಕ್ಕೇ ಅಕ್ಕಪಕ್ಕದ ಕೆಲವು ತೋಟಗಳಲ್ಲಿ ತಾನಾಗಿ ಎಣಿಸುವ ಮಳೆಮಾಪಕ ಇಟ್ಟೆವು. ಆ ಲೆಕ್ಕ ಯಾರಿಗೆ ಬೇಕಾದರೂ ಸಿಗಬೇಕು ಅನ್ನುವುದು ನನ್ನ ಹಟ.

ಉಪಕರಣದ ಕಥೆ ಚಿಕ್ಕದು. ಮಾಪಕದ ಪುಟ್ಟ ಬಕೆಟ್ 0.2 ಮಿ.ಮೀ. ಮಳೆಗೆ ಒಮ್ಮೆ ಮಗುಚುತ್ತದೆ. ಆ ಎಣಿಕೆ ಲೋರಾ ಎಂಬ, ಕಡಿಮೆ ವಿದ್ಯುತ್ತಿನಲ್ಲೇ ದೂರ ತಲುಪುವ ರೇಡಿಯೋದಲ್ಲಿ ಗೇಟ್‌ವೇ ಅನ್ನುವ ಸಂಪರ್ಕ ಪೆಟ್ಟಿಗೆಗೆ, ಅಲ್ಲಿಂದ ಸರ್ವರ್‌ಗೆ ಹೋಗುತ್ತದೆ. ಅದು ಬಳಸುವ 865ರಿಂದ 867 ಮೆಗಾಹರ್ಟ್ಸ್ ಆವರ್ತನಕ್ಕೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡ.

ಸರ್ವರ್‌ನಲ್ಲಿ ನಮ್ಮದೇ ಫಾರ್ಮ್ಯಾಟ್ ಮಾಡಲಿಲ್ಲ. ಮಾಡಿದ್ದರೆ ಅದನ್ನು ಓದುವುದು ಹೇಗೆಂದು ಪ್ರತಿಯೊಬ್ಬರೂ ನನಗೆ ಫೋನ್ ಮಾಡಿ ಕೇಳಬೇಕಾಗುತ್ತಿತ್ತು, ಅಲ್ವಾ? ಭೂಮಾಹಿತಿಯ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಓಜಿಸಿ 2016ರಲ್ಲಿ ಹೊರತಂದ ಸೆನ್ಸರ್‌ಥಿಂಗ್ಸ್ ಎಪಿಐ ಆರಿಸಿಕೊಂಡೆ. ಸೆನ್ಸರ್ ಲೆಕ್ಕವನ್ನು ಪ್ರೋಗ್ರಾಂಗಳು ವೆಬ್ ಮೂಲಕ ಕೇಳಿ ಪಡೆಯುವ ಸಾರ್ವತ್ರಿಕ ಕ್ರಮ ಅದು. ಅದರ ಹಿಂದಿನ ಮಾನದಂಡ ಎಸ್‌ಓಎಸ್ ಬಳಸುವ ಎಕ್ಸ್‌ಎಂಎಲ್ ಎಂಬ ಬರಹರೂಪ ನಮ್ಮಂಥ ಸಣ್ಣ ಕೆಲಸಕ್ಕೆ ಭಾರ. ಇದರಲ್ಲಿ ಜೇಸನ್ ಎಂಬ ಹಗುರವಾದ ಬರಹರೂಪ ಸಾಕು. ಈ ಕ್ರಮದಲ್ಲಿ ಕೆಲಸ ಮಾಡುವ ತಂತ್ರಾಂಶ, ಜರ್ಮನಿಯ ಸಂಶೋಧನಾ ಸಂಸ್ಥೆ ಫ್ರಾನ್‌ಹೋಫರ್‌ನವರ ಫ್ರಾಸ್ಟ್ ಸರ್ವರ್, ಉಚಿತವಾಗಿ ಸಿಗುತ್ತದೆ. ಪ್ರತಿ ಮಾಪಕ ಒಂದು 'ಥಿಂಗ್', ಅದರ ಮಳೆ ಒಂದು 'ಡೇಟಾಸ್ಟ್ರೀಮ್', ಪ್ರತಿ ಅಳತೆ ಒಂದು 'ಅಬ್ಸರ್ವೇಷನ್'.

ಜಾಸ್ತಿ ತಲೆ ಕೆಡಿಸಿದ್ದು ಸಮಯ. ಮುಂಗಾರಿನಲ್ಲಿ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ. ಮಾಪಕ ಎಣಿಕೆಯನ್ನು ತನ್ನಲ್ಲೇ ಇಟ್ಟುಕೊಂಡು ಸಂಪರ್ಕ ಬಂದಾಗ ಒಟ್ಟಿಗೆ ಕಳಿಸುತ್ತದೆ. ಹಾಗಾಗಿ ಮಳೆ ಬಿದ್ದ ಅವಧಿಯ ಶುರು ಮತ್ತು ಕೊನೆಯನ್ನು ಅಬ್ಸರ್ವೇಷನ್‌ನ 'ಫಿನಾಮಿನನ್ ಟೈಮ್' ಎಂಬ ಖಾನೆಯಲ್ಲಿ ಇಟ್ಟೆ. ಲೆಕ್ಕ ಸರ್ವರ್ ತಲುಪಿದ ಹೊತ್ತು ಬೇರೆಯಾಗಿ 'ಪ್ಯಾರಾಮೀಟರ್ಸ್' ಖಾನೆಯಲ್ಲಿದೆ. ಎಲ್ಲವೂ ಯುಟಿಸಿಯಲ್ಲಿ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ. ಹವಾಮಾನ ಇಲಾಖೆಯ ಮಳೆ ದಿನ ಬೆಳಗ್ಗೆ 8:30ಕ್ಕೆ ಮುಗಿಯುತ್ತದೆ, ಅಂದರೆ ಯುಟಿಸಿಯಲ್ಲಿ 3 ಗಂಟೆಗೆ. ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಕೂಡಿದರೆ ನಮ್ಮ ಲೆಕ್ಕ ಇಲಾಖೆಯದಕ್ಕೆ ಹೊಂದುವುದೇ ಇಲ್ಲ. ದಿನದ ಮೊತ್ತವನ್ನು ನಾವೇ ಈ ಗಡಿಯಲ್ಲಿ ಕೂಡಿ, ಇನ್ನೊಂದು ಡೇಟಾಸ್ಟ್ರೀಮ್ ಆಗಿ ಕೊಡುತ್ತೇವೆ.

ಇನ್ನೊಂದು ಸೊನ್ನೆಯ ವಿಷಯ. ಮಳೆ ಬಾರದಿದ್ದರೂ ಮಾಪಕ 15 ನಿಮಿಷಕ್ಕೊಮ್ಮೆ ಸೊನ್ನೆ ಕಳಿಸಲೇಬೇಕು. ಸುಮ್ನೆ ಇದ್ದುಬಿಟ್ಟರೆ ಮಳೆ ಇರಲಿಲ್ಲವೋ, ಮಾಪಕವೇ ಕೆಟ್ಟಿತ್ತೋ ಹೇಗೆ ತಿಳಿಯುವುದು? ಸೊನ್ನೆಯನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಸಿಲ್ವರ್ ಓಕ್ ಎಲೆ ಬಿದ್ದು ಕೊಳವೆ ಕಟ್ಟಿಕೊಂಡರೆ ಸುತ್ತೆಲ್ಲ ಸುರಿಯುವಾಗಲೂ ಸೊನ್ನೆಯೇ ಬರುತ್ತದೆ. ಅಂಥ ಅಳತೆಯನ್ನು ಅಳಿಸುವುದಿಲ್ಲ, 'ರಿಸಲ್ಟ್ ಕ್ವಾಲಿಟಿ' ಖಾನೆಯಲ್ಲಿ 'ಅನುಮಾನ' ಎಂದು ಗುರುತು ಹಾಕುತ್ತೇವೆ. ಬಳಸುವವರು ತಾವೇ ತೀರ್ಮಾನಿಸಲಿ.

ಬೆಳೆಗಾರರ ಲೆಕ್ಕ ಇಂಚು, ಸೆಂಟ್ಸ್‌ನಲ್ಲಿ. ನೂರು ಸೆಂಟ್ಸ್ ಅಂದರೆ ಒಂದು ಇಂಚು, 25.4 ಮಿ.ಮೀ. ಸರ್ವರ್‌ನಲ್ಲಿ ಮಿ.ಮೀ. ಮಾತ್ರ ಇದೆ. ಅವರ ಮೊಬೈಲ್ ಪುಟ ಅದೇ ಸರ್ವಿಸ್‌ನಿಂದ ತೆಗೆದು ಸೆಂಟ್ಸ್ ಮಾಡಿ ತೋರಿಸುತ್ತದೆ.

ಈಗ ಮಣ್ಣಿನ ತೇವ ಅಳೆಯುವ ಸೆನ್ಸರ್ ಸೇರಿಸುತ್ತಿದ್ದೇವೆ. ಅದೇ 'ಥಿಂಗ್'ಗೆ ಇನ್ನೊಂದು ಡೇಟಾಸ್ಟ್ರೀಮ್, ಅಷ್ಟೇ. ಈಗಾಗಲೇ ಮಳೆ ಲೆಕ್ಕ ತೆಗೆದುಕೊಳ್ಳುತ್ತಿರುವವರು ತಮ್ಮ ಪ್ರೋಗ್ರಾಂನಲ್ಲಿ ಏನೂ ಬದಲಿಸಬೇಕಿಲ್ಲ.