ಲೇಸರ್ ಬಿಟ್ಟು ಐಸಿಎಲ್ ಆರಿಸಿಕೊಂಡದ್ದು: ನನ್ನ ಅನುಭವ

ನನ್ನ ಎರಡೂ ಕಣ್ಣುಗಳ ಪವರ್ ಮೈನಸ್ 8.5ರ ಆಸುಪಾಸಿನಲ್ಲಿತ್ತು. ವರ್ಷಕ್ಕೂ ಮಿಕ್ಕಿ ಅದು ಬದಲಾಗದೆ ನಿಂತ ಮೇಲೆ ಶಸ್ತ್ರಚಿಕಿತ್ಸೆಯ ಬಗ್ಗೆ ವಿಚಾರಿಸತೊಡಗಿದೆ. ಲೇಸರ್‌ನಿಂದ ಮಾಡುವ ಲೇಸಿಕ್, ಸ್ಮೈಲ್, ಪಿಆರ್‌ಕೆ, ಕಣ್ಣಿನೊಳಗೆ ಲೆನ್ಸ್ ಕೂರಿಸುವ ಐಸಿಎಲ್ ಇವುಗಳಲ್ಲಿ ಯಾವುದು ಉತ್ತಮವೆಂದು ಪರಿಚಿತರನ್ನು ಕೇಳಿದರೆ ಪ್ರತಿಯೊಬ್ಬರೂ ತಾವು ಮಾಡಿಸಿಕೊಂಡದ್ದನ್ನೇ ಹೊಗಳುತ್ತಿದ್ದರು. ಆದರೆ ಅವರ ಕಣ್ಣಿನ ಅಳತೆಗಳು ಬೇರೆ, ನನ್ನವು ಬೇರೆ. ಆದ್ದರಿಂದ ಅಳತೆಗಳೆಲ್ಲ ಕೈಗೆ ಬರುವವರೆಗೆ ಯಾವುದನ್ನೂ ಮನಸ್ಸಿನಲ್ಲಿ ನಿಶ್ಚಯಿಸಲಿಲ್ಲ.

ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ಆಕಾರವನ್ನು ತುಸು ಬದಲಿಸುವುದರಿಂದ, ವೈದ್ಯರು ಹೇಳಿದಷ್ಟು ಕಾಲ ಅದನ್ನು ಬಿಟ್ಟು ಕನ್ನಡಕದಲ್ಲೇ ಇದ್ದು ಪರೀಕ್ಷೆಗೆ ಹೋದೆ. ಸ್ಕ್ಯಾನ್‌ನಲ್ಲಿ ಕೆರಟೋಕೋನಸ್‌ನ, ಅಂದರೆ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ರೋಗದ ಲಕ್ಷಣ ಕಾಣಲಿಲ್ಲ. ಆದರೆ ಕಾರ್ನಿಯಾದ ದಪ್ಪ 498 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಎಂದು ಬಂತು. ನನ್ನ ತೀರ್ಮಾನ ನಿಂತದ್ದು ಈ ಒಂದು ಸಂಖ್ಯೆಯ ಮೇಲೆ.

ಲೇಸಿಕ್‌ನಲ್ಲಿ ಮೊದಲು ಸುಮಾರು 110 ಮೈಕ್ರಾನ್ ದಪ್ಪದ ಪದರವನ್ನು ಕತ್ತರಿಸಿ ಮಗುಚುತ್ತಾರೆ; ಅದರ ಕೆಳಗಿನ ಭಾಗವನ್ನು ಲೇಸರ್ ತೆಳುವಾಗಿಸುತ್ತದೆ. ನನ್ನ ಪವರ್‌ಗೆ ತೆಗೆಯಬೇಕಾಗಿದ್ದದ್ದು ಹೆಚ್ಚುಕಡಿಮೆ ಇನ್ನೊಂದು 110 ಮೈಕ್ರಾನ್. ಉಳಿಯುವ 278 ಮೈಕ್ರಾನ್, ಕನಿಷ್ಠವೆಂದು ಪರಿಗಣಿಸುವ 250ಕ್ಕಿಂತ ಮೇಲಿತ್ತು ನಿಜ. ಆದರೆ ಕತ್ತರಿಸಿದ್ದು, ಕರಗಿಸಿದ್ದು ಎರಡೂ ಸೇರಿ ಒಟ್ಟು ದಪ್ಪದ ಶೇಕಡಾ 44ರಷ್ಟಾಗುತ್ತಿತ್ತು. ಈ ಪ್ರಮಾಣ 40 ದಾಟಿದರೆ ಮುಂದೆ ಕಾರ್ನಿಯಾ ದುರ್ಬಲವಾಗಿ ಉಬ್ಬುವ ಅಪಾಯ ಹೆಚ್ಚೆಂದು ವೈದ್ಯರು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು. ಸ್ಮೈಲ್‌ನಲ್ಲಿ ಗಾಯ ಚಿಕ್ಕದು, ಕಣ್ಣು ಒಣಗುವುದೂ ಕಡಿಮೆ. ಆದರೂ ಒಳಗಿನಿಂದ ತೆಗೆಯುವ ಅಂಗಾಂಶ ನನ್ನ ಪವರ್‌ಗೆ ಕಡಿಮೆಯೇನಲ್ಲ. ಪಿಆರ್‌ಕೆಯಲ್ಲಿ ಪದರ ಕತ್ತರಿಸುವುದಿಲ್ಲವಾದ್ದರಿಂದ ದಪ್ಪ ಸಾಕಷ್ಟು ಉಳಿಯುತ್ತಿತ್ತು. ಪವರ್ ಮೈನಸ್ ನಾಲ್ಕೋ ಐದೋ ಆಗಿದ್ದರೆ, ಮೊದಲ ಕೆಲವು ದಿನಗಳ ನೋವನ್ನು ಸಹಿಸಿಯಾದರೂ ಅದನ್ನೇ ಆರಿಸುತ್ತಿದ್ದೆ. ಹೆಚ್ಚಿನ ಪವರ್‌ನಲ್ಲಿ ವಾಸಿಯಾಗುವಾಗ ಕಾರ್ನಿಯಾ ಮಬ್ಬಾಗುವ ಸಂಭವ ಹೆಚ್ಚು ಎಂಬುದು ನನ್ನನ್ನು ತಡೆಯಿತು.

ಐಸಿಎಲ್‌ನಲ್ಲಿ ಕಾರ್ನಿಯಾವನ್ನು ತೆಳುವಾಗಿಸುವುದೇ ಇಲ್ಲ. ಮಡಚಿದ ಮೃದುವಾದ ಲೆನ್ಸನ್ನು ಸುಮಾರು 3 ಮಿಲಿಮೀಟರ್ ಗಾಯದ ಮೂಲಕ ಒಳಗೆ ಬಿಟ್ಟು, ಪಾಪೆಯ ಹಿಂದೆ, ನಮ್ಮ ಸಹಜ ಮಸೂರದ ಮುಂದೆ ಕೂರಿಸುತ್ತಾರೆ. ಅದಕ್ಕೆ ಕಣ್ಣಿನ ಮುಂಕೋಣೆಯ, ಅಂದರೆ ಕಾರ್ನಿಯಾಕ್ಕೂ ಸಹಜ ಮಸೂರಕ್ಕೂ ನಡುವಿನ ಜಾಗದ ಆಳ ಕನಿಷ್ಠ 2.8 ಮಿಲಿಮೀಟರ್ ಇರಬೇಕು, ನನ್ನದು 3.2 ಇತ್ತು. ಕಾರ್ನಿಯಾದ ಒಳಮೈಯ ಜೀವಕೋಶಗಳು ನಾಶವಾದರೆ ಮತ್ತೆ ಹುಟ್ಟುವುದಿಲ್ಲವಾದ್ದರಿಂದ ಅವುಗಳ ಎಣಿಕೆಯನ್ನೂ ಮಾಡಿಸಿದರು, ಅದೂ ತೃಪ್ತಿಕರವಾಗಿತ್ತು. ಇದು ಕಣ್ಣಿನೊಳಗಿನ ಶಸ್ತ್ರಚಿಕಿತ್ಸೆ ಎಂಬುದನ್ನು ಹಗುರವಾಗಿ ಕಾಣುವಂತಿಲ್ಲ. ಸೋಂಕು ಅಪರೂಪವಾದರೂ ತಗುಲಿದರೆ ಗಂಭೀರ. ಲೆನ್ಸಿನ ಗಾತ್ರ ಸರಿಹೊಂದದಿದ್ದರೆ ಕಣ್ಣಿನ ಒತ್ತಡ ಏರಬಹುದು ಅಥವಾ ಬೇಗನೆ ಪೊರೆ ಬರಬಹುದು. ವೆಚ್ಚವೂ ಲೇಸಿಕ್‌ಗಿಂತ ಬಹಳ ಹೆಚ್ಚು. ಇಷ್ಟಿದ್ದರೂ, ಬೇಕಾದರೆ ಲೆನ್ಸನ್ನು ಹೊರತೆಗೆಯಬಹುದು, ಕರಗಿಸಿದ ಕಾರ್ನಿಯಾವನ್ನು ಮರಳಿ ತರಲಾಗದು ಎಂಬ ಕಾರಣಕ್ಕೆ ನಾನು ಇದನ್ನೇ ಒಪ್ಪಿದೆ.

ಹನಿಯ ಅರಿವಳಿಕೆಯಲ್ಲಿ ಒಂದೊಂದು ಕಣ್ಣಿನ ಕೆಲಸ ಬೇಗನೆ ಮುಗಿಯಿತು. ಮರುದಿನವೇ ಗೋಡೆ ಗಡಿಯಾರವನ್ನು ಕನ್ನಡಕವಿಲ್ಲದೆ ಓದಿದೆ. ಮೊದಲ ತಿಂಗಳುಗಳಲ್ಲಿ ರಾತ್ರಿ ದೀಪಗಳ ಸುತ್ತ ಉಂಗುರಗಳು ಕಾಣುತ್ತಿದ್ದವು, ಈಗ ಗಮನಕ್ಕೆ ಬರುವುದು ಕಡಿಮೆ. ಹೆಚ್ಚಿನ ಮೈನಸ್ ಪವರ್‌ನ ಕಣ್ಣುಗುಡ್ಡೆ ಸಾಮಾನ್ಯವಾಗಿ ಉದ್ದವಾಗಿರುತ್ತದೆ; ಪವರ್ ಹೋದರೂ ಆ ಉದ್ದ ಹಾಗೆಯೇ ಇರುತ್ತದೆ, ಅದರಿಂದ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಬೆಳಕು ಗ್ರಹಿಸುವ ಪದರ, ಹರಿಯುವ ಅಪಾಯವೂ ಹಾಗೆಯೇ ಉಳಿಯುತ್ತದೆ. ಹಾಗಾಗಿ ಪ್ರತಿವರ್ಷ ಪಾಪೆ ಹಿಗ್ಗಿಸಿ ರೆಟಿನಾ ನೋಡಿಸುತ್ತೇನೆ, ಒಳಮೈಯ ಜೀವಕೋಶಗಳನ್ನೂ ಎಣಿಸುತ್ತಾರೆ. ನಲವತ್ತು ದಾಟಿದ ಮೇಲೆ ಬರುವ ಚಾಳೀಸನ್ನು ಈ ಲೆನ್ಸ್ ತಡೆಯುವುದಿಲ್ಲ ಎಂದು ವೈದ್ಯರು ಮೊದಲೇ ತಿಳಿಸಿದ್ದಾರೆ, ಓದುವ ಕನ್ನಡಕ ಆಗ ಬೇಕಾಗುತ್ತದೆ.